ಹಿಮ್ಮುಖವಾಗಿ ಜಾರುವವರ ಕಸುಬು

ಸ್ವೀಡನ್ ದೇಶದ ಉತ್ತರದ ತುದಿಯಲ್ಲಿ, ಧ್ರುವವೃತ್ತಕ್ಕಿಂತಲೂ ಮೇಲೆ, ಕಿರುನಾ ಎಂಬ ಕಬ್ಬಿಣದ ಗಣಿಯ ಊರಿದೆ. ಆ ಸೀಮೆಯ ಸಾಲ್ಮಿ ಎಂಬ ಪುಟ್ಟ ಹಳ್ಳಿಯಲ್ಲಿ 1951ರ ಏಪ್ರಿಲ್ 17ರಂದು ಬೋರಿಯೆ ಸಾಲ್ಮಿಂಗ್ ಹುಟ್ಟಿದರು. ತಂದೆ ಸಾಮಿ ಜನಾಂಗದವರು, ಹಿಮಸಾರಂಗ ಸಾಕಿ ಬದುಕಿದ ಕುಲ. ಆ ತಂದೆ ಗಣಿ ಅಪಘಾತದಲ್ಲಿ ತೀರಿಕೊಂಡಾಗ ಹುಡುಗನಿಗೆ ಐದು ವರ್ಷ. ಅಣ್ಣ ಸ್ಟಿಗ್ ಐಸ್ ಹಾಕಿ ಆಡುತ್ತಿದ್ದ, ರಕ್ಷಣಾ ಆಟಗಾರ. ತಮ್ಮನೂ ಅದೇ ಜಾಗ ಹಿಡಿದ. ಮುಂದೆ ಹದಿನೇಳು ವರ್ಷ ಉತ್ತರ ಅಮೆರಿಕದಲ್ಲಿ ಆಡಿ, ಯುರೋಪಿನ ಆಟಗಾರರಿಗೆ ಅಲ್ಲಿನ ಬಾಗಿಲು ತೆರೆದುಕೊಟ್ಟವರು ಇವರೇ.

ಬೆಣ್ಣೆಹಳ್ಳದ ದಂಡೆಯ ಯಮನೂರಿನಲ್ಲಿ ಕುಳಿತು ಇವರ ಬಗ್ಗೆ ಬರೆಯುವುದಕ್ಕೆ ಕಾರಣವಿದೆ. ಮಳೆ ಕೈಕೊಟ್ಟ ವರ್ಷ ನವಲಗುಂದ ಸೀಮೆಯ ಹಳ್ಳಿಗಳಿಂದ ಗೋವಾಕ್ಕೆ, ಮಂಗಳೂರಿಗೆ, ಬೆಂಗಳೂರಿಗೆ ದುಡಿಯಲು ಹೋಗುವವರು ಬಹಳ. ಪರಸ್ಥಳದಲ್ಲಿ ಹೊಸಬನ ಕೆಲಸವನ್ನು ಎರಡೆರಡು ಸಲ ತೂಗುತ್ತಾರೆ ಎಂಬುದನ್ನು ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಸಾಲ್ಮಿಂಗ್ ಅವರನ್ನು ಕೆನಡಾದ ಟೊರೊಂಟೊ ನಗರ ತೂಗಿದ್ದೂ ಹೀಗೆಯೇ. ಅದರ ಮೇಲೆ ಅವರು ಆರಿಸಿಕೊಂಡದ್ದು ಚಪ್ಪಾಳೆ ಕಡಿಮೆ ಬೀಳುವ ಜಾಗ. ಮುಂದಿನವನು ಹತ್ತು ಅವಕಾಶ ಕಳೆದು ಒಂದು ಗೋಲು ಹೊಡೆದರೆ ಸಾಕು, ಹೆಗಲ ಮೇಲೆ ಹೊರುತ್ತಾರೆ. ಹಿಂದಿನವನು ಹತ್ತು ಗೋಲು ತಡೆದು ಒಂದನ್ನು ಬಿಟ್ಟರೆ ಎಲ್ಲರ ಬೆರಳೂ ಅವನ ಕಡೆಗೇ.

ಆಟವನ್ನು ನೋಡದವರಿಗೆ ಎರಡು ಮಾತು. ಉತ್ತರ ಅಮೆರಿಕದ ಐಸ್ ಹಾಕಿ ಅಂಗಣ 200 ಅಡಿ ಉದ್ದ, 85 ಅಡಿ ಅಗಲ. ಸುತ್ತಲೂ ಎದೆಮಟ್ಟದ ಹಲಗೆಯ ಗೋಡೆ, ಅದರ ಮೇಲೆ ಗಾಜು. ಒಂದು ತಂಡದಿಂದ ಒಮ್ಮೆಗೆ ಆರು ಜನ: ಗೋಲ್‌ಕೀಪರ್, ಇಬ್ಬರು ರಕ್ಷಣಾ ಆಟಗಾರರು, ಮೂವರು ಮುಂಚೂಣಿಯವರು. ಚೆಂಡಿನ ಬದಲು ‘ಪಕ್’ ಎಂಬ ರಬ್ಬರಿನ ಬಿಲ್ಲೆ. ಮೂರು ಇಂಚು ಅಗಲ, ಒಂದು ಇಂಚು ದಪ್ಪ, ತೂಕ ಸುಮಾರು 160 ಗ್ರಾಂ. ಪುಟಿಯದಿರಲೆಂದು ಅದನ್ನು ಮೊದಲೇ ಹೆಪ್ಪುಗಟ್ಟಿಸಿ ಇಟ್ಟಿರುತ್ತಾರೆ. ಬಲವಾದ ಹೊಡೆತಕ್ಕೆ ಅದು ಗಂಟೆಗೆ 160 ಕಿಲೋಮೀಟರ್ ವೇಗ ಮೀರುತ್ತದೆ. ಇಪ್ಪತ್ತು ನಿಮಿಷದ ಮೂರು ಅವಧಿ. ಮುಕ್ಕಾಲು ನಿಮಿಷ ಪ್ರಾಣ ಬಿಟ್ಟು ಆಡುವುದು, ಬೆಂಚಿಗೆ ಬಂದು ಏದುಸಿರು ಬಿಡುವುದು, ಸರದಿ ಬಂದಾಗ ಮತ್ತೆ ಇಳಿಯುವುದು.

ರಕ್ಷಣಾ ಆಟಗಾರನ ವಿದ್ಯೆ ಶುರುವಾಗುವುದು ಹಿಮ್ಮುಖ ಓಟದಿಂದ. ಎದುರಾಳಿ ಪೂರ್ತಿ ವೇಗದಲ್ಲಿ ಮುಂದಕ್ಕೆ ಬರುತ್ತಿರುತ್ತಾನೆ. ಇವನು ಅವನತ್ತ ಮುಖ ಮಾಡಿಕೊಂಡೇ ಅಷ್ಟೇ ವೇಗದಲ್ಲಿ ಹಿಂದಕ್ಕೆ ಜಾರಬೇಕು. ನಡುವೆ ಒಂದು ಕೋಲಿನ ಅಳತೆಯಷ್ಟು ಅಂತರ. ಅಂತರ ಹೆಚ್ಚಾದರೆ ಅವನು ಗುರಿಯಿಟ್ಟು ಹೊಡೆಯುತ್ತಾನೆ, ಕಡಿಮೆಯಾದರೆ ಮೈ ತಪ್ಪಿಸಿಕೊಂಡು ಹೋಗಿಬಿಡುತ್ತಾನೆ. ಬಿಲ್ಲೆಯನ್ನು ನೋಡಬಾರದು, ಎದೆಯನ್ನು ನೋಡಬೇಕು ಎಂಬುದು ಇಲ್ಲಿ ಎಳವೆಯಲ್ಲೇ ಕಲಿಸುವ ಪಾಠ. ಕೈ, ಕೋಲು, ಕಣ್ಣು ಮೂರೂ ಮೋಸ ಮಾಡಬಲ್ಲವು. ಎದೆ ತಿರುಗಿದ ಕಡೆಗೇ ಮೈ ಹೋಗಬೇಕು. ನಮ್ಮ ಕಡೆ ಕಬಡ್ಡಿಯಲ್ಲಿ ಮೂಲೆ ಹಿಡಿದು ನಿಂತವನು ರೇಡರ್‌ನ ಕೈಗೆ ಮರುಳಾಗದೆ ಸೊಂಟವನ್ನೇ ದಿಟ್ಟಿಸುತ್ತಾನಲ್ಲ, ಆ ತಾಳ್ಮೆಯೇ ಇದು.

ಎದುರಾಳಿಯನ್ನು ನಡುವಿನಿಂದ ಗೋಡೆಯ ಕಡೆಗೆ ದಬ್ಬುತ್ತ ಹೋಗುವುದು ಮುಂದಿನ ಹಂತ. ಅಲ್ಲಿ ಭುಜ ಕೊಟ್ಟು ಗುದ್ದಲು ನಿಯಮವೇ ಒಪ್ಪುತ್ತದೆ. ಬಿಲ್ಲೆ ಕೈಸೇರಿದ ಮೇಲೆ ಅದನ್ನು ತಬ್ಬಿಬ್ಬಾಗದೆ ಮುಂದಿನವನ ಕೋಲಿಗೆ ನೇರ ಮುಟ್ಟಿಸಬೇಕು. ಆ ಮೊದಲ ಪಾಸಿನಲ್ಲೇ ದಾಳಿ ಹುಟ್ಟುವುದು. ಕೆನಡಾದ ಬಾಬಿ ಓರ್ ಎಂಬ ರಕ್ಷಣಾ ಆಟಗಾರ 1970ರಲ್ಲಿ ಉತ್ತರ ಅಮೆರಿಕದ ನ್ಯಾಷನಲ್ ಹಾಕಿ ಲೀಗಿನ (ಎನ್‌ಎಚ್‌ಎಲ್) ಮುಂಚೂಣಿಯವರನ್ನೂ ಮೀರಿ ಅತಿ ಹೆಚ್ಚು ಅಂಕ ಗಳಿಸಿ, ಹಿಂದೆ ನಿಂತವನೂ ಆಟ ಕಟ್ಟಬಲ್ಲನೆಂದು ತೋರಿಸಿದರು. ಅವರ ಮೊಣಕಾಲು ಮಾತ್ರ ಬಹಳ ಕಾಲ ತಾಳಲಿಲ್ಲ.

ಈ ಕಸುಬಿನಲ್ಲಿ ನನ್ನ ಎದೆ ಝಲ್ಲೆನಿಸುವುದು ಹೊಡೆತಕ್ಕೆ ಮೈಯೊಡ್ಡುವ ಕ್ಷಣ. ಗೋಲಿನತ್ತ ಬರುವ ಆ ಗಟ್ಟಿ ಬಿಲ್ಲೆಗೆ ಅಡ್ಡ ಬೀಳುವುದು. ಸಾಲ್ಮಿಂಗ್ ಇದರಲ್ಲಿ ಹೆಸರುವಾಸಿ.

ನಮ್ಮ ರಾಜ್ಯದಲ್ಲಿ ಹಿಂದೆ ನಿಲ್ಲುವ ಈ ಜಾಗದ ಬೆಲೆ ಬಲ್ಲವರು ಕೊಡಗಿನವರು. ಅವರದು ಹುಲ್ಲಿನ ಮೇಲಿನ, ಈಗ ಟರ್ಫ್ ಮೇಲಿನ ಹಾಕಿ. ಹಾತೂರಿನ ವಿ.ಆರ್. ರಘುನಾಥ್ ಭಾರತದ ಹಿಂಬದಿಯಲ್ಲಿ ನಿಂತು 2012ರ ಲಂಡನ್, 2016ರ ರಿಯೊ ಒಲಿಂಪಿಕ್ಸ್ ಆಡಿದರು. ಆದರೆ ಅವರ ಹೆಸರು ಪತ್ರಿಕೆಯಲ್ಲಿ ದಪ್ಪಕ್ಷರದಲ್ಲಿ ಬಂದದ್ದು ಪೆನಾಲ್ಟಿ ಕಾರ್ನರ್‌ನ ಡ್ರ್ಯಾಗ್ ಫ್ಲಿಕ್ ಗೋಲುಗಳಿಗೆ. ತಡೆದ ದಾಳಿಗಳ ಲೆಕ್ಕ ಯಾರ ನೆನಪಿನಲ್ಲೂ ಉಳಿಯಲಿಲ್ಲ. ಇದು ನ್ಯಾಯವಲ್ಲ ಎಂದೇ ನನ್ನ ಅಭಿಪ್ರಾಯ.

ಸಾಲ್ಮಿಂಗ್ ಯೆವ್ಲೆ ನಗರದ ಬ್ರಿನ್ಯಾಸ್ ಕ್ಲಬ್ಬಿನಲ್ಲಿ 1971, 1972ರಲ್ಲಿ ಸ್ವೀಡನ್ ಚಾಂಪಿಯನ್ ತಂಡದಲ್ಲಿದ್ದರು. ಟೊರೊಂಟೊ ಮೇಪಲ್ ಲೀಫ್ಸ್ ತಂಡದ ಪರವಾಗಿ ಆಟಗಾರರನ್ನು ಹುಡುಕುತ್ತಿದ್ದ ಗೆರಿ ಮೆಕ್ನಮಾರಾ ಸ್ವೀಡನ್ನಿಗೆ ಬಂದದ್ದು ಒಬ್ಬ ಗೋಲ್‌ಕೀಪರ್‌ನನ್ನು ನೋಡಲು. ಕಣ್ಣಿಗೆ ಬಿದ್ದವರು ಸಾಲ್ಮಿಂಗ್. 1973ರಲ್ಲಿ ಅವರೂ ಮುಂಚೂಣಿ ಆಟಗಾರ ಇಂಗೆ ಹಮರ್‌ಸ್ಟ್ರಮ್ ಅವರೂ ಟೊರೊಂಟೊ ಸೇರಿದರು.

ಆ ಕಾಲದ ನ್ಯಾಷನಲ್ ಹಾಕಿ ಲೀಗ್ ಹೆಚ್ಚುಕಡಿಮೆ ಪೂರ್ತಿ ಕೆನಡಾದವರದು. ಯುರೋಪಿನವರು ಜಾಣತನದಿಂದ ಆಡುತ್ತಾರೆ, ಪೆಟ್ಟಿಗೆ ಹೆದರುತ್ತಾರೆ ಎಂಬ ಮಾತಿತ್ತು. ‘ಪುಕ್ಕಲು ಸ್ವೀಡಿಗರು’ ಎಂದೇ ಗೇಲಿ. ಸಾಲ್ಮಿಂಗ್ ಅವರ ಎರಡನೆಯ ಪಂದ್ಯವೇ ಫಿಲಡೆಲ್ಫಿಯಾದಲ್ಲಿ, ಲೀಗಿನಲ್ಲೇ ಅತ್ಯಂತ ಒರಟು ಎನಿಸಿಕೊಂಡ ಫ್ಲೈಯರ್ಸ್ ಎದುರು. ಕೋಲಿನ ಏಟು, ಮೊಣಕೈ ತಿವಿತ, ಮುಷ್ಟಿ ಎಲ್ಲವೂ ಬಂದವು. ಅವರು ಜಾಗ ಬಿಡಲಿಲ್ಲ. ಮುಂದಿನ ಪಂದ್ಯಗಳನ್ನೂ ಆಡಿದರು, ಮರುವರ್ಷವೂ ಆಡಿದರು. ಮಾತಿಗೆ ಮಾತು ಕೊಡದೆ ಕೆಲಸದಿಂದಲೇ ಬಾಯಿ ಮುಚ್ಚಿಸಿದ ಆ ಬಗೆ ನನಗೆ ಯಾವ ಟ್ರೋಫಿಗಿಂತಲೂ ದೊಡ್ಡದು.

ಮೂರೇ ವರ್ಷ. 1976ರ ಕೆನಡಾ ಕಪ್ ಟೂರ್ನಿಯಲ್ಲಿ ಅವರು ಸ್ವೀಡನ್ ಅಂಗಿ ತೊಟ್ಟು ಟೊರೊಂಟೊ ಅಂಗಣಕ್ಕಿಳಿದಾಗ ಎದುರು ತಂಡದ ಊರಿನ ಜನ ಎದ್ದುನಿಂತು ಚಪ್ಪಾಳೆ ತಟ್ಟಿದರು.

1986ರ ನವೆಂಬರಿನಲ್ಲಿ ಗೋಲಿನ ಮುಂದಿನ ನೂಕುನುಗ್ಗಲಿನಲ್ಲಿ ಎದುರಾಳಿಯ ಸ್ಕೇಟಿನ ಅಲಗು ಅವರ ಮುಖವನ್ನು ಸೀಳಿತು. ಇನ್ನೂರಕ್ಕೂ ಹೆಚ್ಚು ಹೊಲಿಗೆ ಬಿದ್ದವು. ಆಮೇಲೆಯೂ ಆಡಿದರು. ಲೀಗಿನಲ್ಲಿ ಸಾವಿರ ಪಂದ್ಯ ಮುಟ್ಟಿದ ಮೊದಲ ಯುರೋಪಿಯನ್ ಅವರೇ. ಒಟ್ಟು 1,148 ಪಂದ್ಯ, 150 ಗೋಲು, ಇತರರ ಗೋಲಿಗೆ ಒದಗಿಸಿದ 637 ಪಾಸು. ಟೊರೊಂಟೊ ಪರ ಅಂಥ ಪಾಸುಗಳ ದಾಖಲೆ ಇಂದಿಗೂ ಅವರ ಹೆಸರಿನಲ್ಲಿದೆ. ಲೀಗಿನ ಚಾಂಪಿಯನ್ ತಂಡಕ್ಕೆ ಸಿಗುವ ಸ್ಟಾನ್ಲಿ ಕಪ್ ಮಾತ್ರ ಕೈಗೆ ಸಿಗಲಿಲ್ಲ. 1996ರಲ್ಲಿ ಹಾಕಿ ಹಾಲ್ ಆಫ್ ಫೇಮ್ ಗೌರವ ಬಂತು. 2022ರಲ್ಲಿ ನರಗಳನ್ನು ತಿನ್ನುವ ಎಎಲ್‌ಎಸ್ ಕಾಯಿಲೆಯಿಂದ ಮಾತು ನಿಂತಿದ್ದಾಗ ಕೊನೆಯ ಸಲ ಟೊರೊಂಟೊಗೆ ಬಂದರು. ಪಕ್ಕದಲ್ಲಿ ನಿಂತ ಹಳೆಯ ನಾಯಕ ಡ್ಯಾರಿಲ್ ಸಿಟ್ಲರ್ ಅತ್ತರು. ಅಂದಿನ ತಂಡ ಆಟ ಶುರುವಿಗೆ ತನ್ನ ಸ್ವೀಡಿಷ್ ಆಟಗಾರರನ್ನೇ ಇಳಿಸಿತು. ಅದೇ ವರ್ಷದ ನವೆಂಬರ್ 24ರಂದು ಸಾಲ್ಮಿಂಗ್ ತೀರಿಕೊಂಡರು.

ಅವರು ತೆರೆದ ದಾರಿಯಲ್ಲಿ ಬಂದ ಇನ್ನೊಬ್ಬ ಸ್ವೀಡಿಷ್ ರಕ್ಷಣಾ ಆಟಗಾರ ನಿಕ್ಲಾಸ್ ಲಿಡ್‌ಸ್ಟ್ರೋಮ್ ಡೆಟ್ರಾಯಿಟ್‌ಗೆ ಇಪ್ಪತ್ತು ಋತು ಆಡಿ, ಶ್ರೇಷ್ಠ ರಕ್ಷಣಾ ಆಟಗಾರನಿಗೆ ಕೊಡುವ ನಾರಿಸ್ ಟ್ರೋಫಿಯನ್ನು ಏಳು ಸಲ ಗೆದ್ದರು. 2008ರಲ್ಲಿ ಸ್ಟಾನ್ಲಿ ಕಪ್ ಎತ್ತಿದಾಗ, ಯುರೋಪಿನಲ್ಲಿ ಬೆಳೆದು ಆ ಕಪ್ ಗೆದ್ದ ಮೊದಲ ನಾಯಕರಾದರು. ಸೋವಿಯತ್ ಅಧಿಕಾರಿಗಳೊಡನೆ ಹೋರಾಡಿ 1989ರಲ್ಲಿ ನ್ಯೂಜೆರ್ಸಿಗೆ ಬಂದ ರಕ್ಷಣಾ ಆಟಗಾರ ವ್ಯಾಚೆಸ್ಲಾವ್ ಫೆಟಿಸೊವ್ ಅವರ ಕತೆಯೇ ಬೇರೊಂದು ಲೇಖನವಾದೀತು.

ಎಲ್ಲರಿಗೂ ಈ ಎತ್ತರ ದಕ್ಕುವುದಿಲ್ಲ. ಕೆನಡಾದ ಎಷ್ಟೋ ರಕ್ಷಣಾ ಆಟಗಾರರು ಕೆಳಗಿನ ಲೀಗುಗಳಲ್ಲಿ ಬಸ್ಸಿನಲ್ಲೇ ರಾತ್ರಿ ಕಳೆದು, ಆಮೇಲೆ ಜರ್ಮನಿಗೋ ಆಸ್ಟ್ರಿಯಾಕ್ಕೋ ಹೋಗುತ್ತಾರೆ. ಅಲ್ಲಿ ಹೊರದೇಶದವರಿಗೆ ಇಂತಿಷ್ಟೇ ಜಾಗ. ಕರಾರು ಬಹುಪಾಲು ಒಂದೆರಡು ವರ್ಷದ್ದು. ಜಾಗ ಉಳಿಯಬೇಕಾದರೆ ಸ್ಥಳೀಯನಿಗಿಂತ ಒಂದು ಕೈ ಮೇಲಿರಬೇಕು.

ಈ ಆಟಕ್ಕೆ ನಮ್ಮವರ ನಂಟೂ ಇದೆ. ಭಾರತೀಯ ಮೂಲದ ರಾಬಿನ್ ಬಾವಾ 1989ರಲ್ಲೇ ಎನ್‌ಎಚ್‌ಎಲ್ ಆಡಿದರು. ಅವರು ಕೆನಡಾದಲ್ಲಿ ಹುಟ್ಟಿದವರು, ಆಡಿದ್ದು ಮುಂಚೂಣಿಯಲ್ಲಿ. ನಮ್ಮ ದೇಶದೊಳಗೆ ಈ ಆಟ ಬದುಕಿರುವುದು ಮುಖ್ಯವಾಗಿ ಲಡಾಖ್‌ನಲ್ಲಿ, ಸೈನಿಕರ ನಡುವೆ ಮತ್ತು ಹಳ್ಳಿಯ ಹುಡುಗ-ಹುಡುಗಿಯರ ನಡುವೆ. 2016ರಲ್ಲಿ ಶುರುವಾದ ಭಾರತದ ಮಹಿಳಾ ತಂಡ ಮರುವರ್ಷ ಬ್ಯಾಂಕಾಕ್‌ನಲ್ಲಿ ಫಿಲಿಪ್ಪೀನ್ಸ್ ವಿರುದ್ಧ ಮೊದಲ ಗೆಲುವು ಕಂಡಿತು. 2025ರಲ್ಲಿ ಅರಬ್ ಸಂಯುಕ್ತ ಸಂಸ್ಥಾನದ ಅಲ್ ಐನ್‌ನಲ್ಲಿ ನಡೆದ ಏಷ್ಯಾ ಕಪ್‌ನಲ್ಲಿ ಕಂಚು ಗೆದ್ದಿತು. ಮರುಭೂಮಿಯ ಆ ಊರಿನಲ್ಲಿ ಛಾವಣಿಯ ಕೆಳಗೆ ಮಂಜುಗಡ್ಡೆಯ ಅಂಗಣವಿದೆ. ಲಡಾಖ್‌ನ ಕೆರೆಗಳು ಗಟ್ಟಿಯಾಗಿರುವುದು ಚಳಿಗಾಲದ ಕೆಲವೇ ವಾರ. ಮುಂದಕ್ಕೆ ಜಾರುವುದನ್ನು ಅಷ್ಟರಲ್ಲಿ ಕಲಿಯಬಹುದು; ಎದುರಾಳಿಯ ಎದೆ ನೋಡುತ್ತ ಹಿಂದಕ್ಕೆ ಜಾರುವುದಕ್ಕೆ ವರ್ಷವಿಡೀ ನಿಲ್ಲುವ ಅಂಗಣ ಬೇಕು. ಲೇಹ್‌ನ ಹುಡುಗಿಯರು ಕೇಳುತ್ತಿರುವುದೂ ಅದನ್ನೇ.