ಹಳದಿ ಗೋಡೆಯಲ್ಲಿ ನಮ್ಮ ಲೈಟ್‌ಬಾಯ್!

ಇಪ್ಪತ್ತೈದು ಸಾವಿರ ಮಂದಿ ನಿಂತೇ ಇದ್ದರು ಸ್ವಾಮಿ, ಕುರ್ಚಿಯೇ ಇಲ್ಲ! ಜರ್ಮನಿಯ ಡಾರ್ಟ್‌ಮುಂಡ್ ಸ್ಟೇಡಿಯಂನ ದಕ್ಷಿಣ ಗ್ಯಾಲರಿ ಅದು. ಎಲ್ಲರ ಮೈಮೇಲೂ ಹಳದಿ, ಅದಕ್ಕೇ ‘ಹಳದಿ ಗೋಡೆ’ ಅಂತ ಹೆಸರು.

ಹಾಡಿನ ಶೂಟಿಂಗಿಗೆ ಹೊರಟ ಯೂನಿಟ್ ಜೊತೆ ನಾನೂ ಹೋಗಿದ್ದೆ. ಶನಿವಾರ ಮಳೆ, ಪ್ಯಾಕಪ್. ಲಾಡ್ಜಿನವನ ಕೈಕಾಲು ಹಿಡಿದು, ಬಾಟಾ ಕಾಸು ಸುರಿದು, ಮೂರು ಟಿಕೆಟ್ ಗಿಟ್ಟಿಸಿದ್ವಿ. ಅಸಿಸ್ಟೆಂಟ್ ಕ್ಯಾಮೆರಾಮನ್, ಲೈಟ್‌ಬಾಯ್, ನಾನು.

ಮೈಕಿನವನು ಆಟಗಾರನ ಅರ್ಧ ಹೆಸರು ಕೂಗ್ತಾನೆ, ಉಳಿದರ್ಧ ಜನ ಕೂಗ್ತಾರೆ. ಗಾಂಧಿನಗರದ ಫಸ್ಟ್ ಡೇ ಫಸ್ಟ್ ಷೋನಲ್ಲಿ ಹೀರೋ ಎಂಟ್ರಿ ಆದ ಹಾಗೆ! ನಮ್ಮ ಲೈಟ್‌ಬಾಯ್ ಮಾತ್ರ ಗಪ್‌ಚಿಪ್. ಊರಿಗೆ ಕಳಿಸಬೇಕಾದ ದುಡ್ಡು ಟಿಕೆಟ್ಟಿಗೆ ಹೋಯ್ತಲ್ಲ ಅಂತ ಸಂಕಟ.

ಪಕ್ಕದಲ್ಲೊಬ್ಬ ಮುದುಕ. ಹರಕು ಇಂಗ್ಲಿಷಿನಲ್ಲಿ ಮಾತು ಶುರುವಾಯ್ತು. ಆತ ಇದೇ ಊರಿನ ಫೀನಿಕ್ಸ್ ಉಕ್ಕಿನ ಕಾರ್ಖಾನೆಯಲ್ಲಿ ದುಡಿದವನು. 2001ರಲ್ಲಿ ಅದಕ್ಕೆ ಬೀಗ ಬಿತ್ತು. ಈಗ ಆ ಜಾಗದಲ್ಲಿ ಕೆರೆ ಇದೆಯಂತೆ!

ಲೈಟ್‌ಬಾಯ್ ತಟ್ಟನೆ ತಿರುಗಿದ. “ನಮ್ಮಪ್ಪಂದೂ 2001, ಹೇಳಿ ಸಾರ್ ಅವ್ರಿಗೆ!”

2018ರಲ್ಲಿ ‘ಕೆ.ಜಿ.ಎಫ್.’ ಪಿಕ್ಚರಿಗೆ ಸಿಳ್ಳೆ ಹಾಕಿದವರು ನಾವು. ಇವನಪ್ಪ ಅದೇ ಕೋಲಾರದ ಚಿನ್ನದ ಗಣಿಗೆ ಇಳಿಯುತ್ತಿದ್ದವರು. ಆ ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ನಾನು ತಿಳಿಸಿ ಹೇಳುವಷ್ಟರಲ್ಲಿ... ಗೋಲ್! ಮುದುಕನ ಬಿಯರ್ ಎಲ್ಲ ನಮ್ಮ ಹುಡುಗನ ತಲೆ ಮೇಲೆ. ಅಪ್ಪಿಕೊಂಡವನು ಬಿಡಲೇ ಇಲ್ಲ. ಆಟ ಮುಗಿದಾಗ ತನ್ನ ಕೊರಳಿನ ಹಳದಿ ಮಫ್ಲರ್ ತೆಗೆದು ಹುಡುಗನಿಗೆ ಸುತ್ತಿದ. ಕಾಸು ಕೊಡಲು ಹೋದರೆ ಕೈ ತಳ್ಳಿದ.

ಮರುದಿನ ರಿಫ್ಲೆಕ್ಟರ್ ಹಿಡಿದಾಗಲೂ ಅದೇ ಮಫ್ಲರ್. “ಫ್ರೇಮಲ್ಲಿ ಹಳದಿ ಹೊಡೀತಿದೆ, ತೆಗಿಯೋ!” ಅಂದರು ಡೈರೆಕ್ಟರ್. ಅವನು ಎರಡು ಹೆಜ್ಜೆ ಹಿಂದಕ್ಕೆ ಸರಿದ. ತೆಗೀಲಿಲ್ಲ.