ಕೈತೋಟದ ಕೊಳವೆಗಳ ಸೋರಿಕೆಯೂ ಅದರ ದುರಸ್ತಿಯೂ

ಬೀಳಗಿ ತಾಲ್ಲೂಕಿನ ಅನಗವಾಡಿಯು ಘಟಪ್ರಭಾ ನದಿಯ ದಡದಲ್ಲಿರುವ ಊರು. ಆಲಮಟ್ಟಿಯಲ್ಲಿ ಕೃಷ್ಣೆಗೆ ಆಣೆಕಟ್ಟು ಎದ್ದ ಮೇಲೆ ಅದರ ಹಿನ್ನೀರು ಘಟಪ್ರಭೆಯ ಪಾತ್ರದಲ್ಲಿಯೂ ನಿಲ್ಲುವದು. ಇಷ್ಟು ನೀರು ಸಮೀಪದಲ್ಲಿರುವಾಗ, ಮನೆಯ ಮುಂದಿನ ಹುಲ್ಲುಹಾಸಿಗೆ ಹೂಳಿದ ಕೊಳವೆಯಿಂದ ನಾಲ್ಕು ಹನಿ ಸೋರಿದರೆ ಏನು ಕೆಟ್ಟೀತೆಂದು ಯಾರಾದರೂ ಕೇಳಬಹುದು. ಕೆಡುವದು ಮಣ್ಣು. ಅದು ಹೇಗೆಂಬುದನ್ನೂ, ಸೋರಿಕೆಯನ್ನು ಸರಿಪಡಿಸುವ ಬಗೆಯನ್ನೂ ಇಲ್ಲಿ ವಿವರಿಸುವೆವು.

ಮೊದಲು ನೀರಿನ ಲೆಕ್ಕವನ್ನು ನೋಡೋಣ. ಸೋರುವ ಜೋಡಣೆಯ ಕೆಳಗೆ ಕಾಲು ಲೀಟರಿನ ಲೋಟವನ್ನಿಡಿರಿ. ಅದು 10 ನಿಮಿಷಗಳಲ್ಲಿ ತುಂಬಿದರೆ ದಿನಕ್ಕೆ 36 ಲೀಟರ್, ತಿಂಗಳಿಗೆ 1,080 ಲೀಟರ್ ಹೋದಂತಾಯಿತು. 2019ರಲ್ಲಿ ಆರಂಭವಾದ ಜಲ ಜೀವನ ಮಿಷನ್ ಹಳ್ಳಿಯ ಒಬ್ಬ ವ್ಯಕ್ತಿಗೆ ದಿನಕ್ಕೆ 55 ಲೀಟರ್ ನೀರೆಂದು ಗೊತ್ತುಮಾಡಿತು. ಅಂದರೆ ಒಂದು ಲೋಟದ ಸೋರಿಕೆಯು ಒಬ್ಬರ ಪಾಲಿನಲ್ಲಿ ಅರ್ಧಕ್ಕಿಂತ ಹೆಚ್ಚನ್ನು ನುಂಗುವದು.

ಇನ್ನು ಮಣ್ಣಿನ ಮಾತು. ಈ ಸೀಮೆಯಲ್ಲಿ ಬಹಳ ಕಡೆ ಇರುವದು ಎರೆಮಣ್ಣು. ನೀರು ಕುಡಿದರೆ ಅದು ಉಬ್ಬುವದು, ಒಣಗಿದರೆ ಕುಗ್ಗಿ ಬಿರಿಯುವದು. ಬೇಸಿಗೆಯ ಬಿರುಕಿನಲ್ಲಿ ಕೈ ಇಳಿಸಿ ನೋಡಿದವರಿಗೆ ಅದರ ಬಲವು ತಿಳಿದೇ ಇದೆ. ಹೀಗೆ ವರ್ಷಕ್ಕೊಮ್ಮೆ ಏರಿಳಿಯುವ ನೆಲದಲ್ಲಿ ಹೂಳಿದ ಪಿವಿಸಿ ಕೊಳವೆಯು ನಡುವೆ ಸೀಳದಿದ್ದರೂ ಜೋಡಣೆಯಲ್ಲಿ ಬಿಡುವದು. ಸೋರಿದ ನೀರು ಸುತ್ತಲಿನ ಮಣ್ಣನ್ನು ಮತ್ತಷ್ಟು ಉಬ್ಬಿಸಿ, ಒಣಗಿದಾಗ ಮತ್ತಷ್ಟು ಎಳೆಯುವದು. ಆದುದರಿಂದ ಮುಚ್ಚಿದ ತೂತು ಮರುವರ್ಷ ಅದೇ ಸ್ಥಳದಲ್ಲಿ ತೆರೆಯುವದುಂಟು. ಇದಕ್ಕಿಂತಲೂ ಕೆಟ್ಟದ್ದೊಂದಿದೆ. ಎರೆಯಲ್ಲಿ ನೀರು ಬೇಗ ಕೆಳಗಿಳಿಯದು. ನಿಂತ ನೀರಿನಿಂದ ನೆಲವು ಮೊದಲು ಜವಳಾಗುವದು. ಬಳಿಕ ಆ ತೇವವು ಮೇಲಕ್ಕೇರಿ ಬಿಸಿಲಿಗೆ ಆರಿ, ತನ್ನೊಳಗಿನ ಉಪ್ಪನ್ನು ಮೇಲ್ಪದರಿನಲ್ಲಿ ಬಿಟ್ಟುಹೋಗಲು ಸವಳಾಗುವದು. ಜಮಖಂಡಿ, ಮುಧೋಳಗಳ ಕಬ್ಬಿನ ಹೊಲಗಳಲ್ಲಿ ಸವಳು-ಜವಳಿನ ಕಷ್ಟವನ್ನು ಉಂಡವರಿಗೆ ಇದನ್ನು ಹೇಳಿಕೊಡಬೇಕಾದದ್ದಿಲ್ಲ. ಹುಲ್ಲುಹಾಸಿನಲ್ಲಿ ನಡೆಯುವದೂ ಅದೇ, ಅಳತೆ ಮಾತ್ರ ಚಿಕ್ಕದು. ಒಂದು ಕಡೆ ಹುಲ್ಲು ಅಕಾರಣವಾಗಿ ಹೆಚ್ಚು ಹಸುರಾಗಿದ್ದರೆ ಹಿಗ್ಗಬಾರದು; ಅದೇ ಸ್ಥಳವು ಮುಂದೆ ಹಳದಿಯಾಗಿ, ಆಮೇಲೆ ಬಿಳಿಯ ಪದರು ಕಟ್ಟೀತು.

ಸೋರಿಕೆಯನ್ನು ಪತ್ತೆಹಚ್ಚುವದಕ್ಕೆ ಸೀಮೆಸುಣ್ಣದ ತುಂಡೊಂದು ಸಾಕು. ರಾತ್ರಿ ಮನೆಯ ನಲ್ಲಿಗಳನ್ನೂ ತೋಟದ ಕವಲುಗಳ ತಿರುಪುಗಳನ್ನೂ ಮುಚ್ಚಿ, ತೊಟ್ಟಿಯಿಂದ ತೋಟಕ್ಕೆ ಬರುವ ದೊಡ್ಡ ತಿರುಪನ್ನು ಮಾತ್ರ ತೆರೆದಿಟ್ಟು, ತೊಟ್ಟಿಯೊಳಗೆ ನೀರಿನ ಮಟ್ಟಕ್ಕೆ ಗೆರೆ ಎಳೆಯಿರಿ. ಬೆಳಗಾಗುವಾಗ ನೀರು ಗೆರೆಯಿಂದ ಇಳಿದಿದ್ದರೆ ಎಲ್ಲಿಯೋ ಸೋರಿಕೆಯುಂಟು. ಮರುರಾತ್ರಿ ಆ ದೊಡ್ಡ ತಿರುಪನ್ನೂ ಮುಚ್ಚಿರಿ. ಆಗ ಮಟ್ಟವು ಇಳಿಯದಿದ್ದರೆ ತಪ್ಪು ತೋಟದ ಕೊಳವೆಯದೇ. ಇಳಿದರೆ ಮನೆಯೊಳಗೆ ಹುಡುಕತಕ್ಕದ್ದು. ತಿರುಪಿನಿಂದಾಚೆಗಿನ ಕವಲುಗಳನ್ನು ಒಂದೊಂದಾಗಿ ನೀರು ಬಿಟ್ಟು ಕಣ್ಣಿನಿಂದಲೇ ನೋಡಬೇಕು.

ಇಲ್ಲಿ ಒಂದು ಎಚ್ಚರಿಕೆ. ನೀರು ನಿಲ್ಲಿಸಿದ ಮೇಲೆಯೂ ತಗ್ಗಿನಲ್ಲಿರುವ ತುಂತುರು ನಳಿಗೆಯಿಂದ ಸ್ವಲ್ಪ ಹೊತ್ತು ನೀರು ಒಸರುವದು. ಅದು ಕೊಳವೆಯಲ್ಲಿ ಉಳಿದ ನೀರು ಇಳಿದುಹೋಗುವ ಬಗೆಯೇ ಹೊರತು ಒಡಕಲ್ಲ. ಗಂಟೆಗಳು ಕಳೆದರೂ ನಿಲ್ಲದಿದ್ದರೆ ಮಾತ್ರ ತಿರುಪಿನೊಳಗೆ ಮರಳು ಸಿಕ್ಕಿದೆಯೋ, ರಬ್ಬರು ಸವೆದಿದೆಯೋ ಎಂದು ಬಿಚ್ಚಿ ನೋಡಬೇಕು. ಈ ಭೇದವನ್ನು ಅರಿಯದೆ ಹುಲ್ಲುಹಾಸನ್ನೆಲ್ಲ ಅಗೆದುಹಾಕುವವರುಂಟು!

ಒಡೆದ ಪಿವಿಸಿ ಕೊಳವೆಗೆ ಸೈಕಲ್ಲಿನ ಹಳೆಯ ರಬ್ಬರು ಸುತ್ತಿ ದಾರ ಬಿಗಿಯುವ ಪದ್ಧತಿಯು ಎರಡು ದಿನದ ಉಪಾಯ. ಒಡೆದ ಭಾಗವನ್ನು ಗರಗಸದಿಂದ ನೆಟ್ಟಗೆ ಕತ್ತರಿಸಿ ತೆಗೆದು, ಅಂಚಿನ ಜುಂಗನ್ನು ಕೆರೆದು, ಒರಸಿ ಪೂರ್ತಿ ಒಣಗಿಸಬೇಕು. ಕೊಳವೆಯ ಹೊರಮೈಗೂ ಜೋಡಣೆಯ ಒಳಮೈಗೂ ಸಾಲ್ವೆಂಟ್ ಸಿಮೆಂಟನ್ನು ತೆಳುವಾಗಿ ಬಳಿದು, ಒತ್ತಿ, ಕಾಲು ಸುತ್ತು ತಿರುವಿ, ಅರ್ಧ ನಿಮಿಷ ಅಲುಗಿಸದೆ ಹಿಡಿಯತಕ್ಕದ್ದು. ಒಂದು ಹಗಲಿರುಳು ಕಳೆಯುವ ವರೆಗೆ ನೀರಿನ ಪೂರ್ಣ ಒತ್ತಡ ಕೊಡಕೂಡದು. ಒದ್ದೆ ಕೊಳವೆಗೆ ಬಳಿದ ಅಂಟು ನಿಲ್ಲದು. ತಿರುಪು ಜೋಡಣೆಯಾದರೆ ಅಂಟಿನ ಬದಲು ಟೆಫ್ಲಾನ್ ಪಟ್ಟಿಯನ್ನು ತಿರುಪು ಬಿಗಿಯುವ ದಿಕ್ಕಿಗೇ ಸುತ್ತಬೇಕು. ಹನಿ ನೀರಾವರಿಯ ಕರಿಯ ಪಾಲಿಥೀನ್ ನಳಿಗೆಗೆ ಈ ಅಂಟು ಹಿಡಿಯುವದೇ ಇಲ್ಲ. ಅದನ್ನು ಇಲಿ, ಅಳಿಲುಗಳು ಕಡಿದಿದ್ದರೆ ಆ ತುಂಡನ್ನು ಕತ್ತರಿಸಿ, ಮುಳ್ಳುಹಲ್ಲಿನ ಜೋಡಕವನ್ನು ಎರಡೂ ಕಡೆಗೆ ತೂರಿಸಬೇಕು. ಬೇಡವಾದ ರಂಧ್ರಕ್ಕೆ ಚಿಕ್ಕ ಬಿರಡೆ ಸಾಕು.

ಇಲ್ಲಿಗೆ ಕೆಲಸವು ತೀರಿತೆಂದು ಅಗೆದ ಎರೆಮಣ್ಣನ್ನೇ ಹಿಂದಕ್ಕೆ ತಳ್ಳುವದು ವಾಡಿಕೆ. ಮರುವರ್ಷದ ಸೋರಿಕೆಗೆ ಬೀಜ ಬೀಳುವದು ಆಗಲೇ. ಕಾಲುವೆಯನ್ನು ತುಸು ಅಗಲಿಸಿ, ಕೊಳವೆಯ ಕೆಳಗೂ ಮೇಲೂ ಸುಮಾರು 10 ಸೆಂಟಿಮೀಟರ್ ಮರಳನ್ನಾಗಲಿ, ಕಲ್ಲು ತೆಗೆದ ಸಣ್ಣ ಗರಸನ್ನಾಗಲಿ ಹಾಸಿರಿ. ಮರಳು ಉಬ್ಬುವದೂ ಇಲ್ಲ, ಬಿರಿಯುವದೂ ಇಲ್ಲ. ಎರೆಯ ಎಳೆತವು ಕೊಳವೆಗೆ ನೇರವಾಗಿ ತಟ್ಟದಂತೆ ಅದು ನಡುವೆ ನಿಲ್ಲುವದು. ಪಾಲಿಥೀನ್ ನಳಿಗೆಯನ್ನು ಹಗ್ಗದಂತೆ ಬಿಗಿದೆಳೆಯದೆ ಸ್ವಲ್ಪ ಸಡಿಲವಾಗಿ, ಹಾವಿನ ನಡೆಯಂತೆ ಹಾಸುವದು ಲೇಸು. ಬಿಳಿಯ ಪಿವಿಸಿ ಕೊಳವೆಯನ್ನು ಬಿಸಿಲಿಗೆ ಬಿಟ್ಟರೆ ಪೆಡಸಾಗುವದು. ನೆಲದ ಮೇಲಿನ ತುಂಡಿಗೆ ಬಣ್ಣ ಬಳಿಯಬೇಕು.

ನಮ್ಮ ಜಿಲ್ಲೆಯ ಹುನಗುಂದ ತಾಲ್ಲೂಕಿನ ರಾಮಥಾಳದಲ್ಲಿ ನಾರಾಯಣಪುರ ಜಲಾಶಯದ ನೀರನ್ನು ಸುಮಾರು 24,000 ಹೆಕ್ಟೇರ್ ಭೂಮಿಗೆ ಕೊಳವೆಗಳಲ್ಲಿ ತಂದು ಹನಿಸುವ ಯೋಜನೆಯೊಂದು ನಡೆಯಿತು. ಅಷ್ಟು ದೊಡ್ಡ ಏರ್ಪಾಡಿನ ಕೊನೆಯಲ್ಲಿಯೂ ಇರುವದು ನಮ್ಮ ಹಿತ್ತಲಿನದೇ ಜಾತಿಯ ಕರಿಯ ನಳಿಗೆ. ಅದನ್ನು ನೋಡಿಕೊಳ್ಳುವ ಕೈಯೂ ಒಬ್ಬ ಒಕ್ಕಲಿಗನದು ಅಥವಾ ಒಕ್ಕಲಗಿತ್ತಿಯದು.

ದುರಸ್ತಿಯಾದ ಸ್ಥಳವನ್ನು ಕೂಡಲೆ ಮುಚ್ಚಿಬಿಡಬೇಡಿರಿ. ಎರಡು ಸಾರೆ ನೀರು ಬಿಟ್ಟು, ಜೋಡಣೆಯ ಕೆಳಗೆ ಒಣ ಬೂದಿಯನ್ನು ಚೆಲ್ಲಿ ನೋಡಿರಿ. ಬೂದಿಯು ಕಪ್ಪಾಗದಿದ್ದರೆ ಮರಳು ಹಾಕಿ, ಮಣ್ಣು ಮುಚ್ಚಿ, ಮೇಲೆ ಹುಲ್ಲಿನ ಹೆಂಟೆಯನ್ನು ಕೂರಿಸಬಹುದು.