ಬಿಲ್ಲಿನ ಹೆದೆಯೂ ಮುಖದ ಮೊಡವೆಯೂ

ಯೌವನದಲ್ಲಿ ಮುಖದ ಮೇಲೆ ಮೊಡವೆಗಳೇಳುವುದು ಹೊಸ ಸಂಗತಿಯೇನೂ ಅಲ್ಲ. ಸುಶ್ರುತಾಚಾರ್ಯರು ಇವನ್ನು ‘ಮುಖದೂಷಿಕಾ’ ಎಂದು ಕರೆದು, ಬೂರುಗದ ಮರದ ಮುಳ್ಳುಗಳಿಗೆ ಹೋಲಿಸಿರುವರು. ಸಾಮಾನ್ಯರಿಗೆ ಇದು ಕನ್ನಡಿಯ ಮುಂದಿನ ಚಿಂತೆ ಮಾತ್ರ. ಧನುರ್ವಿದ್ಯೆಯನ್ನು ಅಭ್ಯಸಿಸುವ ಹುಡುಗ ಹುಡುಗಿಯರಿಗಾದರೋ ಗುರಿಯನ್ನೇ ಕೆಡಿಸತಕ್ಕ ಬಾಧೆಯು.

ಇದು ಹೇಗೆಂಬುದನ್ನು ವಿಚಾರಿಸೋಣ. ನಮ್ಮ ಕಾವ್ಯಗಳ ವೀರರು ಹೆದೆಯನ್ನು ಆಕರ್ಣಾಂತವಾಗಿ, ಎಂದರೆ ಕಿವಿಯವರೆಗೆ, ಸೆಳೆಯುತ್ತಿದ್ದರು. ಈಗಿನ ಒಲಿಂಪಿಕ್ ಪದ್ಧತಿಯಲ್ಲಿ ಸೆಳೆದ ಕೈಯು ದವಡೆಯ ಕೆಳಗೆ ಒತ್ತಿ ನಿಲ್ಲುವುದು. ಹೆದೆಯು ಗಲ್ಲವನ್ನೂ ಮೂಗಿನ ತುದಿಯನ್ನೂ ಸೋಂಕುವುದು. ಪ್ರತಿ ಬಾಣಕ್ಕೂ ಈ ನೆಲೆಯು ಒಂದೇ ಆಗಿರಬೇಕು. ಬಾಣದ ಉದ್ದ ಸುಮಾರು 70 ಸೆಂಟಿಮೀಟರ್. ಗುರಿಯು 70 ಮೀಟರ್ ದೂರ, ಎಂದರೆ ನೂರು ಪಟ್ಟು. ಬಾಣದ ಹಿಂತುದಿ ಒಂದು ಮಿಲಿಮೀಟರ್ ಸರಿದರೆ ಗುರಿಯ ಬಳಿ ಸುಮಾರು 10 ಸೆಂಟಿಮೀಟರ್ ಅಂತರ ಬೀಳುವುದು. ಹತ್ತು ಅಂಕದ ವೃತ್ತದ ವ್ಯಾಸವೇ 12.2 ಸೆಂಟಿಮೀಟರ್! ನೋಯುವ ಗಲ್ಲವನ್ನು ತಪ್ಪಿಸಲು ಕೈಯು ತಾನಾಗಿಯೇ ಸರಿದರೆ ಫಲವೇನೆಂಬುದನ್ನು ವಾಚಕರೇ ಊಹಿಸಬಹುದು.

ಒತ್ತುವಿಕೆ, ಉಜ್ಜುವಿಕೆ ಇವುಗಳಿಂದ ಮೊಡವೆಯು ಉಲ್ಬಣಿಸುವುದೆಂದು ಮಿಲ್ಸ್ ಮತ್ತು ಕ್ಲಿಗ್ಮನ್ ಎಂಬ ವೈದ್ಯರು 1975ರಲ್ಲಿ ವಿವರಿಸಿದರು. ಬಿಲ್ಲುಗಾರನ ಗಲ್ಲಕ್ಕೆ ಈ ಎರಡೂ ಒಟ್ಟಿಗೆ ಒದಗುವುವು.

ಮುಂದೋಳಿಗೆ ಹೆದೆಯ ಪೆಟ್ಟು ತಗಲದಂತೆ ಕಟ್ಟುವ ಕಾಪಿಗೆ ಅಮರಕೋಶವು ‘ಗೋಧಾ’ ಎಂಬ ಹೆಸರನ್ನು ಹೇಳುವುದು. ಗಲ್ಲಕ್ಕೆ ಅಂತಹ ಕಾಪು ಕಟ್ಟುವಂತಿಲ್ಲ. ದಪ್ಪನೆಯ ಪಟ್ಟಿ ಅಂಟಿಸಿದರೂ ನೆಲೆಯು ತಪ್ಪುವುದು. ಆದಕಾರಣ ಶುಚಿತ್ವವೇ ಕವಚವೆಂದು ತಿಳಿಯತಕ್ಕದ್ದು. ಹೆದೆಗೆ ಮೇಣ ಹಚ್ಚಿದ ಬಳಿಕ ಹೆಚ್ಚಾದುದನ್ನು ಬಟ್ಟೆಯಿಂದ ತೆಗೆಯಬೇಕು. ಬೆರಳಿಗೆ ತೊಡುವ ತೊಗಲನ್ನು ಬೆವರು ಜಿಡ್ಡುಗಳಿಲ್ಲದಂತೆ ಒರೆಸಿ ಒಣಗಿಸಬೇಕು. ಅಭ್ಯಾಸದ ನಡುವೆ ಮುಖದ ಬೆವರನ್ನು ಶುಭ್ರವಾದ ವಸ್ತ್ರದಿಂದ ಒತ್ತಿಕೊಳ್ಳಬೇಕೇ ಹೊರತು ತಿಕ್ಕಬಾರದು. ಅಭ್ಯಾಸ ಮುಗಿದೊಡನೆ ಸೌಮ್ಯವಾದ ಸಾಬೂನಿನಿಂದ ಮುಖವನ್ನು ತೊಳೆಯಬೇಕು. ಮೊಡವೆಯನ್ನು ಹಿಸುಕುವುದಂತೂ ಸರ್ವಥಾ ಕೂಡದು. ಅದರಿಂದ ಕಲೆ ಉಳಿಯುವುದು.

ಗಂಟುಗಂಟಾಗಿ ನೋಯುವ, ಗುಳಿ ಬೀಳಿಸುವ ಮೊಡವೆಗಳಾದರೆ ಚರ್ಮವೈದ್ಯರಲ್ಲಿಗೆ ಹೋಗುವುದೇ ಲೇಸು. ಮಗುವು ಬಿಸಿಲಿನಲ್ಲಿ ಬಿಲ್ಲು ಹಿಡಿದು ನಿಲ್ಲುವ ಸಂಗತಿಯನ್ನು ಅವರಿಗೆ ಮರೆಯದೆ ತಿಳಿಸಬೇಕು. ಏಕೆಂದರೆ ಈ ರೋಗಕ್ಕೆ ಕೊಡುವ ಡಾಕ್ಸಿಸೈಕ್ಲಿನ್ ಎಂಬ ಔಷಧವು ಚರ್ಮವು ಬಿಸಿಲಿಗೆ ಬೇಗನೆ ಸುಡುವಂತೆ ಮಾಡಬಲ್ಲದು. ಗುಣವು ಕಾಣಲು ಕೆಲವು ವಾರಗಳೇ ಹಿಡಿಯುವುವು; ನಾಲ್ಕು ದಿನಗಳಲ್ಲಿ ಫಲ ಕಾಣಲಿಲ್ಲವೆಂದು ಔಷಧವನ್ನು ಬಿಡಬಾರದು.

ತಾಯ್ತಂದೆಗಳಿಗೆ ನಾವು ವಿಶೇಷವಾಗಿ ಹೇಳತಕ್ಕ ಮಾತೊಂದುಂಟು. ಈ ವಯಸ್ಸಿನ ಮಕ್ಕಳು ನೋವಿಗಿಂತ ಹಾಸ್ಯಕ್ಕೆ ಹೆಚ್ಚು ಅಂಜುವರು. ಮನೆಯಲ್ಲಿ ಯಾರೂ ಅವರ ಮುಖವನ್ನು ನೋಡಿ ನಗದಿರಲಿ. ಗಲ್ಲವು ಹುಣ್ಣಾಗಿದ್ದರೆ ನಾಲ್ಕು ದಿನ ಬಿಲ್ಲನ್ನು ಕೆಳಗಿರಿಸುವುದರಿಂದ ವಿದ್ಯೆಯು ನಷ್ಟವಾಗದು. ನೋವನ್ನು ಮರೆಮಾಚಿ ಎಸೆದರೆ ಕೈಯು ತಪ್ಪು ನೆಲೆಯನ್ನು ಕಲಿಯುವುದು. ಹುಣ್ಣು ಮಾದರೂ ಕಲಿತ ಆ ತಪ್ಪನ್ನು ಬಿಡಿಸುವುದು ಬಹು ಕಷ್ಟ.